ಅತ್ತೆ ಬಸ್ಸು ಬದಲಿಸಿದ ವರ್ಷ

ನಮ್ಮ ಅತ್ತೆ ವರ್ಷವಿಡೀ ಒಂದು ಬಸ್ಸನ್ನು ಬೈಯುತ್ತಿದ್ದರು. ಸುಗ್ಗಿ ಮುಗಿಯಿತೆಂದರೆ ಅದೇ ಬಸ್ಸು ಹತ್ತಿ ಯಾತ್ರೆಗೆ ಹೋಗುತ್ತಿದ್ದರು. ಬಂದ ಮರುದಿನ, ಯಾತ್ರೆಯ ಸೀರೆಗಳು ಇನ್ನೂ ಹಗ್ಗದ ಮೇಲೆ ಒಣಗುತ್ತಿರುವಾಗಲೇ, ಮತ್ತೆ ಬೈಯಲು ಶುರು.

ಅದು ಕೊಟ್ಟೂರಿನಿಂದ ಹೊರಡುತ್ತಿದ್ದ ಯಾತ್ರೆ ಬಸ್ಸು. ಕಿರಾಣಿ ಅಂಗಡಿಯ ಸಾಹುಕಾರರೊಬ್ಬರು ತಮ್ಮ ಸಂಬಂಧಿಕರ ಹಳೆಯ ಬಸ್ಸನ್ನು ಮಾತಾಡಿಕೊಂಡು, ಮೇಲೆ ಪಾತ್ರೆ ಪಡಗ, ಗ್ಯಾಸ್ ಒಲೆ, ಖಡಕ್ ರೊಟ್ಟಿಯ ಬುಟ್ಟಿಗಳನ್ನು ಕಟ್ಟಿಸಿ, ಒಳಗೆ ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಹೆಂಗಸರನ್ನು ತುಂಬಿಕೊಂಡು ಕನ್ಯಾಕುಮಾರಿಯವರೆಗೆ ಹೋಗಿ ಬರುತ್ತಿದ್ದರು. ಊರೆಲ್ಲ ಅವರನ್ನು ಕರೆಯುತ್ತಿದ್ದುದೇ ಯಾತ್ರಿ ಸಾವ್ಕಾರ್ರು ಎಂದು.

“ದೇವ್ರ ಬಾಗಲಾ ಹಾಕಿದ ಮ್ಯಾಲ ಮುಟ್ಟಿಸೋ ಬಸ್ಸು ನೋಡು ಅದು,” ಎನ್ನುತ್ತಿದ್ದರು ಅತ್ತೆ, ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ. “ಮಧುರೈಗೆ ಇಷ್ಟು ಸರ್ತಿ ಹೋಗೀನಿ, ನಾನು ಕಂಡಿದ್ದು ಬರೀ ಬಾಗಲಾ. ಒಳಗ ತಾಯಿ ಅದಾಳೋ ಇಲ್ಲೋ, ಆ ಸಾವ್ಕಾರ್ರಿಗೇ ಗೊತ್ತು.”

ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ ಆ ಮನೆಗೆ ಸೊಸೆಯಾಗಿ ಬಂದವಳು. ಒಂದು ವಸ್ತು ಸರಿಯಿಲ್ಲದಿದ್ದರೆ ಅದನ್ನು ಮೆಲ್ಲಗೆ ಹೇಳಿ, ಇನ್ನೊಂದನ್ನು ಆರಿಸಿಕೊಳ್ಳಬೇಕು ಎಂದು ನಮ್ಮ ಸಿಸ್ಟರ್‌ಗಳು ಕಲಿಸಿದ್ದರು. ಅದೇ ನಂಬಿಕೆಯಲ್ಲಿ ಒಂದು ದಿನ ಕೇಳಿಬಿಟ್ಟೆ: “ಅಷ್ಟು ತ್ರಾಸಾದ್ರ ಬ್ಯಾರೆ ಬಸ್ಸಿಗೆ ಹೋಗಬಹುದಲ್ರೀ ಅತ್ತಿ?”

ಅತ್ತೆಯ ಕೈ ಮೊರದ ಮೇಲೆ ನಿಂತಿತು. “ನಿಮ್ಮ ಮಾವನ್ನೂ ದಿನಾ ಬೈತೀನಿ,” ಎಂದರು. “ಅದಕ್ಕೇನಂತಿ?”

ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ಮಾವ ಒಮ್ಮೆ ಕೆಮ್ಮಿ ಪುಟ ತಿರುವಿದರು.

ಮದುವೆಯಾದ ಮೊದಲ ವರ್ಷ ನನ್ನನ್ನೂ ಆ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದರು. ನಡುವಿನ ದಾರಿಯಲ್ಲಿ ಚೀಲ, ಕೊಡ, ಕಾಲು ಚಾಚಿ ಮಲಗಿದ ಅಜ್ಜಿಯರು. ಊಟದ ತಟ್ಟೆ ಹಿಡಿದು ದಾಟುವಾಗ ಯಾರ ಕಾಲನ್ನೋ ತುಳಿದು “ಸಾರಿ” ಎಂದೆ. ಅಡಿಗೆಯವನು ಸೌಟು ಹಿಡಿದು ಓಡಿ ಬಂದ. “ಸಾರೇನವ್ವಾ? ತಡಿ, ಹಾಕ್ತೀನಿ.” ಬೇಡವೆನ್ನುವಷ್ಟರಲ್ಲಿ ತಟ್ಟೆ ತುಂಬಿತು. ಗಾಬರಿಯಲ್ಲಿ ಇನ್ನೊಬ್ಬರ ಸೀರೆ ಮೇಲೆ ಚೆಲ್ಲಿ ಮತ್ತೊಮ್ಮೆ “ಸಾರಿ” ಎಂದೆ. ಅವನು ಮತ್ತೊಂದು ಸೌಟು ಹಾಕಿದ. ಊಟ ಮುಗಿಯುವ ಹೊತ್ತಿಗೆ ನನಗೆ ‘ಸಾರಿನ ಸೊಸಿ’ ಎಂಬ ಹೆಸರು ಬಿದ್ದಿತ್ತು.

ಆ ಪ್ರಯಾಣದಲ್ಲಿ ಎರಡು ಸಂಗತಿ ಗಮನಿಸಿದ್ದೆ. ಒಂದು, ಅತ್ತೆಯ ಹಲ್ಲು. ಮನೆಯಲ್ಲಿ ಅವರು ಮಾವನ ಎದುರಿಗೆ ಕೂಡ ಹಲ್ಲಿನ ಸೆಟ್ಟು ತೆಗೆದವರಲ್ಲ. ಆ ಬಸ್ಸಿನಲ್ಲಿ ಮಾತ್ರ, ಚಿತ್ರದುರ್ಗ ದಾಟಿತೋ ಇಲ್ಲವೋ, ಸೆರಗು ಅಡ್ಡ ಹಿಡಿದು ಸೆಟ್ಟು ತೆಗೆದು ಸ್ಟೀಲ್ ಡಬ್ಬಿಗೆ ಹಾಕಿಬಿಟ್ಟರು. ಸುತ್ತ ನೋಡಿದರೆ ಎಲ್ಲ ಹೆಂಗಸರೂ ಏನೋ ಒಂದನ್ನು ಸಡಿಲ ಮಾಡಿಕೊಳ್ಳುತ್ತಿದ್ದರು. ಒಬ್ಬರು ಡಾಬು, ಒಬ್ಬರು ಕನ್ನಡಕ, ಒಬ್ಬರು ಸೊಸೆಯ ಮೇಲಿನ ಸಿಟ್ಟು.

ಇನ್ನೊಂದು, ಸೀಟಿಗೆ ಎಲೆ ಅಡಿಕೆ ಇಡುವ ಪದ್ಧತಿ. ತಿರುಗಿ ಬರುವಾಗ ಬಸ್ಸು ಕಡೆಯದಾಗಿ ನಿಲ್ಲುವುದು ಉಚ್ಚಂಗಿದುರ್ಗದಲ್ಲಿ. ಗುಡ್ಡ ಹತ್ತಿ ಉಚ್ಚಂಗೆಮ್ಮನಿಗೆ ಕೈ ಮುಗಿದು, ಕೆಳಗೆ ಬಂದು ಉಂಡು, ಹೊರಡುವ ಮುನ್ನ ಪ್ರತಿಯೊಬ್ಬರೂ ಬರುವ ವರ್ಷ ತಮಗೆ ಬೇಕಾದ ಸೀಟಿನ ಮೇಲೆ ಎರಡು ವೀಳ್ಯದೆಲೆ, ಒಂದು ಅಡಿಕೆ ಇಡಬೇಕು. ಸಾವ್ಕಾರ್ರು ಮುಂದಿನಿಂದ ಹಿಂದಕ್ಕೆ ನಡೆಯುತ್ತಾ ಅವನ್ನೆಲ್ಲ ಎತ್ತಿ ಶಲ್ಯದಲ್ಲಿ ಹಾಕಿಕೊಂಡರೆ ಸೀಟು ಗಟ್ಟಿ. ಕಾಗದ ಪತ್ರ ಏನಿಲ್ಲ. ಆದರೆ ಒಂದು ವರ್ಷ ಯಾತ್ರೆ ತಪ್ಪಿಸಿದರೆ ಸೀಟೂ ತಪ್ಪಿತು. ಮೊದಲು ಕೇಳಿದವರಿಗೆ ಅದು. ತಪ್ಪಿಸಿದವರು ಮುಂದೆ ಮತ್ತೆ ಬಂದರೆ ಹಿಂದಿನ ಸಾಲಿನಿಂದ ಶುರು ಮಾಡಬೇಕು.

ಅತ್ತೆಯದು ಡ್ರೈವರ್ ಹಿಂದಿನ ಕಿಟಕಿ. ಅದರ ಪಕ್ಕದ ಸೀಟು ಅವರ ತಂಗಿಯದು. ನಾವೆಲ್ಲ ಹಡಗಲಿ ಚಿಗವ್ವ ಎಂದು ಕರೆಯುತ್ತಿದ್ದೆವು. ಚಿಗವ್ವನಿಗೆ ಆ ಕಿಟಕಿಯ ಮೇಲೆ ಬಹಳ ವರ್ಷಗಳ ಕಣ್ಣು.

“ಅಕ್ಕಾ, ಒಂದು ಸರ್ತಿ ನಾ ಆ ಕಡಿ ಕುಂದರಲೇನು?”

“ಮುಂದ್ಲ ವರ್ಷ ನೋಡೋಣಂತ ತಗೋ.”

“ಹೋದ ವರ್ಷಾನೂ ಹಿಂಗ ಅಂದಿ.”

“ಹೋದ ವರ್ಷ ಹೇಳಿದ್ದೂ ಮುಂದ್ಲ ವರ್ಷದ ಮಾತ ಅಲ್ಲೇನ?”

ಹೀಗೆ ನಡೆದಿತ್ತು. ನಾನು ಮದುವೆಯಾಗಿ ಬಂದು ಕೆಲವು ವರ್ಷಗಳಾದ ಮೇಲೆ, ನಮ್ಮ ಯಜಮಾನರು ಒಂದು ಸಂಜೆ ಸಿಮೆಂಟ್ ಅಂಗಡಿಯಿಂದ ಬರುವಾಗ ಬಣ್ಣದ ಪಾಂಪ್ಲೆಟ್ ಹಿಡಿದುಕೊಂಡು ಬಂದರು. ಹರಪನಹಳ್ಳಿಯ ಅವರ ಸ್ನೇಹಿತ ಹೊಸದಾಗಿ ಟೂರು ಶುರು ಮಾಡಿದ್ದ. ವಿಡಿಯೋ ಕೋಚ್, ಹಿಂದಕ್ಕೆ ಬಾಗುವ ಸೀಟು, ರಾತ್ರಿ ಲಾಡ್ಜು, ರೂಮಿನಲ್ಲೇ ಬಿಸಿನೀರು, ಹೋಟೆಲ್ ಊಟ. ಮೊದಲ ಟ್ರಿಪ್ಪಿಗೆ ನಮ್ಮ ಯಜಮಾನರು ಅತ್ತೆಯ ಹೆಸರನ್ನೂ ನನ್ನ ಹೆಸರನ್ನೂ ಬರೆಸಿಯೇ ಬಂದಿದ್ದರು.

“ಯವ್ವಾ, ಆ ಡಕೋಟ ಬಸ್ಸಿನ್ಯಾಗ ಎಷ್ಟು ವರ್ಷ ಅಂತ ಕುಣಕೊಂತ ಹೋಗ್ತಿ? ಈ ಸರ್ತಿ ಆರಾಮ ಹೋಗಿ ಬಾ.”

ಅತ್ತೆ ಪಾಂಪ್ಲೆಟ್ಟನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಮಗನ ಮುಖ ಅರಳಿತ್ತು. ವರ್ಷವೆಲ್ಲ ಆ ಬಸ್ಸನ್ನು ಬೈದವರು ಈಗ ಏನೆಂದು ಬೇಡ ಅನ್ನುತ್ತಾರೆ? “ಚೊಲೊ ಆತು ಬಿಡಪ್ಪ,” ಎಂದರು. ಆಮೇಲೆ ಅಡಿಗೆಮನೆಗೆ ಬಂದು, ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅದರ ಮುಂದೆ ನಿಂತರು.

“ನನ್ನ ಕಿಟಕಿ ಹೋತಲ್ಲವಾ,” ಎಂದರು.

“ಹೊಸ ಬಸ್ಸಿಗೂ ಕಿಟಕಿ ಇರ್ತಾವಲ್ರೀ ಅತ್ತಿ.”

“ಇರ್ತಾವ. ನಂದಲ್ಲ.”

ಸಾವ್ಕಾರ್ರಿಗೆ ಈ ವರ್ಷ ಬರುವುದಿಲ್ಲ ಎಂದು ಹೇಳಬೇಕಲ್ಲ. ಬೇರೆ ಬಸ್ಸಿಗೆ ಹೋಗುತ್ತೇನೆ ಎನ್ನಲು ಅತ್ತೆಗೆ ಬಾಯಿ ಬರಲಿಲ್ಲ. ಮೊಣಕಾಲು ನೋವು ಎಂದು ಹೇಳುವುದಾಗಿ ತೀರ್ಮಾನವಾಯಿತು. ನನ್ನನ್ನೂ ಜೊತೆಗೆ ಕರೆದುಕೊಂಡರು. ಅಂಗಡಿಗೆ ಎರಡು ಮನೆ ಇರುವಾಗಲೇ ಅತ್ತೆ ಕುಂಟಲು ಶುರು ಮಾಡಿದರು. ಎಷ್ಟು ಚೆನ್ನಾಗಿ ಕುಂಟಿದರೆಂದರೆ ನಾನು ಅರಿವಿಲ್ಲದೆ ಕೈ ಹಿಡಿದೆ.

“ಅಯ್ಯಯ್ಯ, ಏನಾತ್ರೀ ಅಕ್ಕಾರ?” ಸಾವ್ಕಾರ್ರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದೇ ಬಂದರು. “ನೀವಿಲ್ದ ಬಸ್ಸು ಹೆಂಗ ಹೊಂಡಬೇಕು? ನಮ್ಮನ್ನ ಬೈಯೋರು ಯಾರು?”

“ಡಾಕ್ಟ್ರು ಬ್ಯಾಡ ಅಂದಾರ್ರಿ. ಮತ್ತ… ನನ್ನ ಸೀಟು…”

ಸಾವ್ಕಾರ್ರು ಟೋಪಿ ತೆಗೆದು ತಲೆ ಕೆರೆದುಕೊಂಡರು. “ಪದ್ಧತಿ ನಿಮಗ ಗೊತ್ತೈತಲ್ರಿ. ನಿಮ್ಮ ತಂಗ್ಯಾರು ಹೋದ ವರ್ಷಾನ ಕೇಳಿಟ್ಟಾರ, ಅಕ್ಕ ಯಾವಾಗರ ತಪ್ಪಿಸಿದ್ರ ನನಗ ಅಂತ.” ಹೇಳಿ, ಕಪಾಟಿನಿಂದ ನೋವಿನ ಎಣ್ಣೆಯ ಬಾಟ್ಲಿ ತೆಗೆದು ಅತ್ತೆಯ ಕೈಗಿಟ್ಟರು. “ಎರಡೂ ಹೊತ್ತು ತಿಕ್ಕಿಸ್ಕೊರ್ರಿ. ರೊಕ್ಕ ಬ್ಯಾಡ.”

ತಿರುಗಿ ಬರುವಾಗಲೂ ಅತ್ತೆ ಕುಂಟಿದರು. ತಿರುವು ದಾಟಿದ ಮೇಲೆ ನಾನು ಮೆಲ್ಲಗೆ ಹೇಳಿದೆ: “ಅತ್ತಿ, ಹೋಗೋವಾಗ ಎಡಗಾಲು ಇತ್ತು.”

“ಕಾನ್ವೆಂಟಿನ್ಯಾಗ ಇದನ್ನ ಕಲಿಸ್ಯಾರೇನು ನಿನಗ?” ಎಂದು ಸರಸರ ನಡೆದರು.

ಹಳೆಯ ಬಸ್ಸು ಮೊದಲು ಹೊರಟಿತು. ಅದರ ಹಾರ್ನು ನಮ್ಮ ಓಣಿಯವರೆಗೆ ಕೇಳಿಸಿತು. ಅತ್ತೆ ಬಾಗಿಲ ಹಿಂದೆ ನಿಂತು ಕೇಳಿದರು, ಕುಂಟಬೇಕಾದ ಕಾಲು ನೆಟ್ಟಗಿರುವುದನ್ನು ಯಾರಾದರೂ ನೋಡಿಯಾರೆಂದು ಹೊರಗೆ ಬರಲಿಲ್ಲ. ಕೆಲವು ದಿನ ಬಿಟ್ಟು ನಾವು ಹರಪನಹಳ್ಳಿಗೆ ಹೋಗಿ ವಿಡಿಯೋ ಕೋಚ್ ಹತ್ತಿದೆವು.

ಸತ್ಯ ಹೇಳುತ್ತೇನೆ, ನನಗೆ ಆ ಬಸ್ಸು ತುಂಬ ಹಿಡಿಸಿತು. ಕಿಟಕಿಗೆ ಮಡಿಕೆ ಮಡಿಕೆಯ ನೀಲಿ ಪರದೆ. ಸೀಟಿಗೆ ಒಗೆದ ಬಿಳಿ ಬಟ್ಟೆ. ಯಜಮಾನರ ಸ್ನೇಹಿತ ತಾನೇ ಜೊತೆಗೆ ಬಂದು ಪ್ರತಿ ಸೀಟಿನ ಹತ್ತಿರ ಬಾಗಿ, “ಅಮ್ಮಾ, ಆರಾಮಾಗಿದೀರಾ?” ಎಂದು ಕೇಳುತ್ತಿದ್ದ. ಅತ್ತೆ ಸುಮ್ಮನೆ ಒರಗಿದ್ದಕ್ಕೆ ಸೀಟು ಹಿಂದಕ್ಕೆ ಬಾಗಿತು. “ಲೇ ಹುಡುಗಿ, ಸೀಟು ಮುರೀತು! ನಾ ಏನೂ ಮಾಡಿಲ್ಲ ನೋಡು!” ಎಂದು ನನ್ನ ತೋಳು ಹಿಡಿದರು. ಅದು ಬಾಗುವುದೇ ಹಾಗೆ ಎಂದು ಎಷ್ಟು ಹೇಳಿದರೂ ಆಮೇಲೆ ನೆಟ್ಟಗೇ ಕೂತರು, ಬೇರೆಯವರ ಮನೆಯ ಸೋಫಾದ ಮೇಲೆ ಕೂತ ಹಾಗೆ.

ಎಲ್ಲವೂ ಹೇಳಿದ ಹೊತ್ತಿಗೆ ನಡೆಯುತ್ತಿತ್ತು. ಮಧುರೈಯಲ್ಲಿ ಬಾಗಿಲು ತೆರೆದಿತ್ತು, ತಾಯಿ ಒಳಗಿದ್ದಳು. ಅತ್ತೆ ಕೈ ಮುಗಿದು, ಕಣ್ಣು ತುಂಬಿಕೊಂಡು ಹೊರಗೆ ಬಂದರು. “ಚೊಲೊ ಆತು,” ಎಂದರು. ಅಷ್ಟೇ. ಲಾಡ್ಜಿನ ಬಿಸಿನೀರಿಗೆ “ಚೊಲೊ ಐತಿ.” ಹೋಟೆಲಿನ ಪೂರಿಗೆ “ಚೊಲೊ ಐತಿ.” ದಿನದಿಂದ ದಿನಕ್ಕೆ ಅವರ ಮಾತು ಕಡಿಮೆಯಾಗುತ್ತಾ ಬಂತು. ತಟ್ಟೆಯಲ್ಲಿ ಮೊಸರನ್ನ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಒಂದು ಮಧ್ಯಾಹ್ನ ಗಮನಿಸಿದೆ: ಅತ್ತೆ ಸೆರಗಿನ ತುದಿಯಿಂದ ದವಡೆ ಒತ್ತಿಕೊಳ್ಳುತ್ತಿದ್ದರು. ಹೊರಟಾಗಿನಿಂದ ಹಗಲು ಹೊತ್ತಿನಲ್ಲಿ ಒಮ್ಮೆಯೂ ಹಲ್ಲು ತೆಗೆದಿರಲಿಲ್ಲ.

“ತಗೀರಲ್ರೀ ಅತ್ತಿ, ಯಾರೂ ನೋಡಂಗಿಲ್ಲ.”

“ಎಲ್ಲಾರೂ ಮೇಡಂ, ಸರ್ ಅಂತಾರ,” ಎಂದರು ಪಿಸುದನಿಯಲ್ಲಿ. “ಮೇಡಮ್ಮಗ ಹಲ್ಲಿಲ್ದಿದ್ರ ಹೆಂಗವಾ?”

ರಾಮೇಶ್ವರದ ಛತ್ರವೊಂದರ ಹಿಂದೆ ಕೈ ತೊಳೆಯಲು ಹೋದಾಗ ಅತ್ತೆ ಗಕ್ಕನೆ ನಿಂತುಬಿಟ್ಟರು. ಮೂರು ಕರಿ ಹಿಡಿದ ಕಲ್ಲು, ಬೂದಿ, ಪಕ್ಕದಲ್ಲಿ ನೆಲಕ್ಕೆ ಚೆಲ್ಲಿದ ಏನೋ ಕಪ್ಪು ಪುಡಿ. ಬಗ್ಗಿ ಬೆರಳಿಗೆ ಹಚ್ಚಿಕೊಂಡು ಮೂಸಿದರು.

“ನಮ್ಮ ಕಡಿ ಗುರೆಳ್ಳು ಚಟ್ನಿಪುಡಿ!” ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವರ ದನಿ ಎದ್ದಿತು. “ನಮ್ಮ ಬಸ್ಸು ಇಲ್ಲಿ ನಿಂತಿತ್ತವಾ. ಗ್ಯಾಸ್ ತೀರೇತಿ ನೋಡು, ಕಟ್ಟಿಗಿ ಒಲಿ ಹೂಡ್ಯಾರ. ಪ್ರತೀ ವರ್ಷ ರಾಮೇಶ್ವರಕ್ಕ ಬರೋದ್ರೊಳಗ ಗ್ಯಾಸ್ ತೀರ್ತೈತಿ, ಮೂಳ ಸಾವ್ಕಾರ ಎರಡನೇ ಸಿಲಿಂಡರ್ ತರಂಗಿಲ್ಲ!”

ಛತ್ರದ ಕಾವಲುಗಾರ ಕೈಸನ್ನೆಯಲ್ಲಿ ಹೇಳಿದ ಪ್ರಕಾರ ಬಸ್ಸು ಹಿಂದಿನ ದಿನವಷ್ಟೇ ಹೋಗಿತ್ತು. ನಾವು ಅಷ್ಟು ದಿನ ತಡವಾಗಿ ಹೊರಟವರು, ಅವರ ಬೆನ್ನಿಗೇ ಬಂದುಬಿಟ್ಟಿದ್ದೆವು. ನಮ್ಮ ಬಸ್ಸು ತಪ್ಪದೆ ಓಡುತ್ತಿತ್ತು, ಅವರದು ತಪ್ಪದೆ ತಡವಾಗುತ್ತಿತ್ತು. ಕನ್ಯಾಕುಮಾರಿಯಲ್ಲಿ ಒಲೆಯ ಬೂದಿ ಇನ್ನೂ ಬೆಚ್ಚಗಿತ್ತು. ಅಲ್ಲಿಂದ ಮುಂದೆ ಅತ್ತೆ ಟಿವಿ ಕಡೆ ತಿರುಗಿಯೂ ನೋಡಲಿಲ್ಲ. ಕಿಟಕಿಗೆ ಹಣೆ ಒತ್ತಿ ಕೂತರು. ಎದುರಿಗೆ ಯಾವುದಾದರೂ ಹಳೆಯ ಬಸ್ಸು ಬಂದರೆ ತಕ್ಷಣ ಪರದೆ ಎಳೆಯುವರು. ಅದು ಬೇರೆ ಬಸ್ಸು ಎಂದು ಗೊತ್ತಾದರೆ ಮುಖ ಸಣ್ಣದು ಮಾಡಿಕೊಳ್ಳುವರು. ಸಿಕ್ಕಿಬೀಳುವ ಭಯವೋ, ಸಿಗಲಿಲ್ಲವೆಂಬ ಬೇಸರವೋ, ಅವರಿಗೇ ಗೊತ್ತಿದ್ದಂತೆ ಕಾಣಲಿಲ್ಲ.

ನಮ್ಮ ಸೀಮೆಯಲ್ಲಿ ಯಾರೇ ಯಾತ್ರೆ ಮಾಡಿಸಲಿ, ಉಚ್ಚಂಗೆಮ್ಮನಿಗೆ ಹೇಳದೆ ಮನೆ ಸೇರುವುದಿಲ್ಲ. ವಿಡಿಯೋ ಕೋಚೂ ದಾವಣಗೆರೆ ದಾಟಿ ಉಚ್ಚಂಗಿದುರ್ಗಕ್ಕೆ ತಿರುಗಿತು. ಗುಡ್ಡದ ಬುಡದಲ್ಲಿ, ಬೇವಿನ ಮರದ ನೆರಳಲ್ಲಿ, ಹಳೆಯ ಬಸ್ಸು ನಿಂತಿತ್ತು.

ಅತ್ತೆ ಅಂದು ಮೊದಲ ಬಾರಿಗೆ ಬಾಗುವ ಸೀಟನ್ನು ಪೂರ್ತಿ ಬಳಸಿಕೊಂಡರು. ಒಂದೇ ಸಲಕ್ಕೆ ಹಿಂದಕ್ಕೆ ಬಾಗಿಸಿ, ಮುಖದ ಮೇಲೆ ಸೆರಗು ಎಳೆದು ಮಲಗಿಬಿಟ್ಟರು.

“ಗುಡ್ಡ ಹತ್ತಲ್ವೇನಮ್ಮಾ?” ಎಂದು ಯಜಮಾನರ ಸ್ನೇಹಿತ ಕೇಳಿದ.

“ಮೊಣಕಾಲಪ್ಪ,” ಎಂದಿತು ಸೆರಗು.

ನಮ್ಮವರೆಲ್ಲ ಮೆಟ್ಟಿಲ ಕಡೆ ಹೋದ ಮೇಲೆ ಸೆರಗು ಸರಿಯಿತು. “ಅವರೂ ಎಲ್ಲಾ ಮ್ಯಾಲೆ ಹೋಗ್ಯಾರ. ಬಸ್ಸಿನ್ಯಾಗ ಯಾರೂ ಇಲ್ಲ. ಬಾ.”

“ಎಲ್ಲಿಗ್ರಿ ಅತ್ತಿ?”

ಅವರು ಇಳಿದು, ಗೂಡಂಗಡಿಯಲ್ಲಿ ಎರಡು ವೀಳ್ಯದೆಲೆ, ಒಂದು ಅಡಿಕೆ ಕೊಂಡರು. ನನಗೆ ಅರ್ಥವಾಯಿತು. ಯಾರೂ ಇಲ್ಲದಾಗ ಕಿಟಕಿಯ ಸೀಟಿನ ಮೇಲೆ ಎಲೆ ಇಟ್ಟು ಬಂದರೆ, ಸಾವ್ಕಾರ್ರು ಎಲ್ಲದರ ಜೊತೆ ಅದನ್ನೂ ಎತ್ತಿಕೊಂಡರೆ, ಯಾರದು ಎಂದು ಯಾರಿಗೆ ಗೊತ್ತು? ಒಮ್ಮೆ ಎತ್ತಿದ ಎಲೆಯನ್ನು ತಿರುಗಿ ಇಡುವ ಪದ್ಧತಿ ಇರಲಿಲ್ಲ.

ಬಸ್ಸಿನೊಳಗೆ ಅದೇ ವಾಸನೆ: ರೊಟ್ಟಿ, ಬೆವರು, ಕರ್ಪೂರ, ಡೀಸೆಲ್. ಅತ್ತೆ ಎರಡು ಹೆಜ್ಜೆಯಲ್ಲಿ ತಮ್ಮ ಸೀಟಿನ ಹತ್ತಿರ ಹೋದರು. ಅಲ್ಲಿನ ಅವಸ್ಥೆ ನೋಡಿ ನಿಂತರು. ಕಿಟಕಿಗೆ ಹಳೆಯ ದುಪ್ಪಟಿ ಕಟ್ಟಿತ್ತು. ಸೀಟಿನ ಮೇಲೆ ಪೇಪರು ಹಾಸಿತ್ತು. ದುಪ್ಪಟಿಯ ಮೇಲೂ ಪೇಪರಿನ ಮೇಲೂ ಕೆಂಪು ಕೆಂಪು ಕಲೆ.

“ಇದೇನಲೇ ಇದು,” ಎನ್ನುತ್ತಾ ಎಲೆ ಇಡಲು ಬಗ್ಗಿದರು.

“ಅಕ್ಕಾರ, ಮೊಣಕಾಲು ಹೆಂಗೈತ್ರಿ?”

ಹಿಂದಿನ ಉದ್ದ ಸೀಟಿನ ಮೇಲೆ ಮಲಗಿದ್ದ ಸಾವ್ಕಾರ್ರು ಎದ್ದು ಕೂತಿದ್ದರು. ತಲೆಯ ಮೇಲೆ ಟೋಪಿ ಇರಲಿಲ್ಲ, ಕಣ್ಣಿನಲ್ಲಿ ನಿದ್ದೆಯೂ ಇರಲಿಲ್ಲ.

ಅತ್ತೆ ಬಗ್ಗಿದವರು ಬಗ್ಗಿದಂತೆಯೇ ಯೋಚಿಸಿದರು. ಆಮೇಲೆ ನೆಟ್ಟಗಾಗಿ, “ನೀವು ಕೊಟ್ಟ ಎಣ್ಣಿ ಭಾಳ ಚೊಲೊ ಇತ್ರಿ ಸಾವ್ಕಾರ್ರ,” 
ಎಂದರು.

“ಕಾಣತೈತ್ರಿ. ಎಲ್ಲೆಲ್ಲಿ ಹೋಗಿ ಬಂತು ಮೊಣಕಾಲು?”

“ಕನ್ಯಾಕುಮಾರಿ ಮಟ.”

“ಮಧುರೈಗೆ?”

“ಹೋಗಿದ್ವಿರಿ.”

“ದರ್ಶನ ಆತೇನ್ರಿ?”

ಅತ್ತೆ ದನಿ ಇಳಿಸಿ, “ಆತ್ರಿ,” ಎಂದರು.

ಸಾವ್ಕಾರ್ರು ದೊಡ್ಡ ಉಸಿರು ಬಿಟ್ಟರು. “ನಮಗ ಈ ಸರ್ತೀನೂ ಬಾಗಲಾನ.”

ಪಕ್ಕದಲ್ಲಿದ್ದ ಟೋಪಿ ಎತ್ತಿ ತಲೆಗಿಟ್ಟುಕೊಂಡರು. ಆಮೇಲೆ ಸಾವ್ಕಾರ್ರು ಹೇಳಿದರು: “ಬ್ಯಾರೆ ಬಸ್ಸಿಗೆ ಹೊಂಟೀನಿ ಅಂದಿದ್ರ ಹೋಗಿ ಬರ್ರಿ ಅಂತಿದ್ದೆ ಅಕ್ಕಾರ. ನನಗೇನು ಬ್ಯಾಸರ? ಆದ್ರ ನಾ ನಿಮ್ಮ ಕಾಲಿಗಂತ ತಾಯಿಗೆ ಹರಕಿ ಹೊತ್ತೀನಿ. ನಿಮ್ಮ ತಂಗ್ಯಾರು ಮ್ಯಾಲೆ ಹೋಗಿದ್ದ ಆ ಕಾಯಿ ಒಡಸಾಕ.”

ಅತ್ತೆಯ ಕೈಯಲ್ಲಿದ್ದ ಎಲೆಗಳು ಮಡಚಿಕೊಂಡವು. ಇಳಿದು ಹೋಗೋಣವೆಂದು ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಬಾಗಿಲಲ್ಲಿ ಚಿಗವ್ವ. ಕೈಯಲ್ಲಿ ಒಡೆದ ತೆಂಗಿನಕಾಯಿ, ಹಿಂದೆ ಬಸ್ಸಿನ ಹೆಂಗಸರ ಸಾಲು.

“ಅಕ್ಕಾ!” ಚಿಗವ್ವನ ಕಣ್ಣು ಅಗಲವಾದವು. ಕಾಲು ನೋಡಿದರು, ಮುಖ ನೋಡಿದರು, ಕಾಯಿ ನೋಡಿದರು. “ಕಾಯಿ ಒಡದು ಇನ್ನಾ ತಾಸಾಗಿಲ್ಲ! ಕೊಟ್ಟೂರಿಂದ ಇಲ್ಲಿ ಮಟ ನಡಕೊಂಡು ಬಂದಿಯವ್ವಾ! ತಾಯಿ ಉಚ್ಚಂಗವ್ವಾ, ನಿನ್ನ ಆಟ ಏನಂತ ಹೇಳಲಿ!”

ಹಿಂದಿದ್ದವರೆಲ್ಲ ಗುಡ್ಡದ ಕಡೆ ತಿರುಗಿ ಕೈ ಮುಗಿದರು. ಒಬ್ಬರು ಅತ್ತೆಯ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು. “ಕುಂದರಿಸ್ರವ್ವಾ ಆಕಿನ್ನ, ಆಕೀ ಸೀಟಿನ್ಯಾಗ ಕುಂದರಿಸ್ರಿ! ದೇವಿ ಕಳಿಸ್ಯಾಳ!”

ಕಿಟಕಿ ತಾನಾಗಿಯೇ ಒಲಿದು ಬಂದಿತ್ತು. ಸುಮ್ಮನಿದ್ದರೆ ಸಾಕಿತ್ತು. ಸಾವ್ಕಾರ್ರು ಬಾಯಿ ಬಿಡುವ ಹಾಗೆ ಕಾಣಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಅತ್ತೆಯ ಮುಖವನ್ನೇ ನೋಡುತ್ತಿದ್ದರು. ಅತ್ತೆ ಕೂರಲು ಅರ್ಧ ಬಗ್ಗಿದರು. ಬಗ್ಗಿ, ಮತ್ತೆ ಎದ್ದರು.

“ದೇವಿ ಗೀವಿ ಏನಿಲ್ರೇ ನಮ್ಮವ್ವ. ಮೊಣಕಾಲು ಮೊದಲಿಂದ್ಲೂ ಗಟ್ಟಿ ಐತಿ. ನಾ ವಿಡಿಯೋ ಕೋಚಿನ್ಯಾಗ ಹೋಗಿದ್ದೆ.”

ಕೈ ಮುಗಿದಿದ್ದವರ ಕೈ ಇಳಿದವು. ನಾನು ನೆಲ ನೋಡಿದೆ. ಆಮೇಲೆ ಹಿಂದಿನಿಂದ ಒಂದು ದನಿ: “ಸಂಡಾಸು ಹೆಂಗಿತ್ತು?”

ಅಲ್ಲಿಗೆ ಕಟ್ಟೆ ಒಡೆಯಿತು. “ಟಿವಿ ಹಗಲ್ಹೊತ್ತೂ ಇತ್ತೇನ?” “ಮಂಚ ಒಬ್ರಿಗೊಂದೋ ಇಬ್ರಿಗೊಂದೋ?” “ರೊಟ್ಟಿ ಕೊಟ್ರೇನ?” ಅತ್ತೆ ಸೀಟಿನ ಬೆನ್ನು ಹಿಡಿದು ನಿಂತು ಎಲ್ಲರಿಗೂ ಉತ್ತರ ಕೊಟ್ಟರು. ನನ್ನ ಬಿಸಿನೀರಿನ ಸ್ನಾನವನ್ನು ಕೂಡ ಬಿಡಲಿಲ್ಲ. “ಸಾರಿನ ಸೊಸಿ ದಿನಾ ಎರಡು ಸರ್ತಿ ಮೈ ತೊಳಕೊಂಡಾಳ!”

ಈ ಗದ್ದಲದ ನಡುವೆ ಚಿಗವ್ವ ಮಾತ್ರ ನಗಲಿಲ್ಲ. ಅಕ್ಕನ ಮುಂದೆ ನಿಂತು ತಮ್ಮ ಸೆರಗು ಬಿಡಿಸಿ ತೋರಿಸಿದರು. ಮೈಸೂರು ಸೀರೆಯ ಮೇಲೆ ಎದೆಯಿಂದ ಮಡಿಲವರೆಗೆ ಕೆಂಪು ಚಿತ್ತಾರ.

“ಇದನ್ನ ನನಗ ಯಾಕ ಹೇಳಲಿಲ್ಲ ನೀನು?”

“ಏನನ್ನ?”

“ನಿನ್ನ ಡ್ರೈವರ ಉಗುಳಿದ್ದೆಲ್ಲಾ ನಿನ್ನ ಕಿಟಕಿಗೇ ಬರ್ತೈತಿ ಅಂತ! ಹೊಸದುರ್ಗ ದಾಟಿಲ್ಲ, ಮಾರಿ ತುಂಬ ಹೊಡೀತು. ಎಷ್ಟು ಸರ್ತಿ ಬೈದ್ರೂ ಅಷ್ಟ. ಕನ್ಯಾಕುಮಾರಿ ಸಮುದ್ರಾನೂ ಈ ದುಪ್ಪಟಿ ಸಂದ್ಯಾಗ ನೋಡೀನಿ!”

“ಅಯ್ಯ ನನ್ನ ತಂಗಿ,” ಎಂದರು ಅತ್ತೆ, ನಿಜವಾದ ಕನಿಕರದಿಂದ. “ಅವನ ಗಲ್ಲ ನೋಡಬೇಕಲೇ. ಎಡಗಲ್ಲ ಉಬ್ಬಿದ್ರ ಇನ್ನಾ ಟೈಮ್ ಐತಿ. ಬಲಗಲ್ಲಕ್ಕ ಬಂತಂದ್ರ ಗ್ಲಾಸ್ ಎಳಕೊಂಡುಬಿಡಬೇಕು. ಆಮ್ಯಾಲ ಬೆನ್ನಿಗೆ ಒಂದು ತಟ್ಟಿದ್ರ, ಉಗುಳ್ತಾನ.”

ನಾನು ಆ ಬಸ್ಸಿನಲ್ಲಿ ಹೋಗಿದ್ದ ವರ್ಷ, ಅತ್ತೆ ಆಗಾಗ ಗ್ಲಾಸು ಎಳೆದು, ಡ್ರೈವರಣ್ಣನ ಬೆನ್ನು ತಟ್ಟುವುದನ್ನು ನೋಡಿ, ಪಾಪ, ನಿದ್ದೆ ಬಾರದಿರಲೆಂದು ಎಚ್ಚರಿಸುತ್ತಾರೆ ಎಂದುಕೊಂಡಿದ್ದೆ.

ಮರದ ಕೆಳಗಿಂದ ಬಂದ ಡ್ರೈವರಣ್ಣ ಇದನ್ನು ಕೇಳಿ ಮುನಿಸಿಕೊಂಡ. “ನಾ ಏನು ಬೇಕಂತ ಉಗುಳ್ತೀನೇನ್ರಿ? ಸೀಟಿಗಂತ ನೀವ ಇಟ್ಟ ಎಲಿ ಅಡಿಕಿಯಿಂದ್ಲ ಹತ್ತಿದ ಚಟ ಇದು. ಸಾವ್ಕಾರ್ರು ನನಗ ಕೊಡ್ತಾರ. ಪ್ರಸಾದ ಅಂತ ಹಾಕ್ಕೊಂತೀನಿ.”

“ಸಾಕು, ಸಾಕು,” ಎಂದು ಸಾವ್ಕಾರ್ರು ಶಲ್ಯ ಕೊಡವಿ ಎದ್ದರು. “ಎಲಿ ಇಡ್ರಿ. ಹೊತ್ತಾತು.”

ಎಲ್ಲರೂ ಅತ್ತೆಯ ಕಡೆ ನೋಡಿದರು. ಅತ್ತೆ ಮಡಚಿದ ಎಲೆಗಳನ್ನು ನೇವರಿಸಿ ಸರಿಮಾಡಿ, ಸಾವ್ಕಾರ್ರ ಮುಖ ನೋಡಿದರು. ಅವರು ತಲೆಯಾಡಿಸಿದರು. “ತಪ್ಪಿಸಿದವ್ರ ಎಲಿ ಎತ್ತಂಗಿಲ್ರಿ ಅಕ್ಕಾರ. ಇವತ್ತು ನಿಮಗ ಎತ್ತಿದ್ರ ನಾಳಿ ಎಲ್ಲಾರೂ ಕುಂಟಕೊಂತ ಬರ್ತಾರ.”

ಅತ್ತೆ ಎಲೆಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ನನಗೆ ಮೊದಲ ಬಾರಿಗೆ ಅವರು ವಯಸ್ಸಾದವರಂತೆ ಕಂಡರು.

ಆಗ ಚಿಗವ್ವ ಸಂಚಿ ಬಿಚ್ಚಿದರು. ತಮ್ಮ ಎರಡು ಎಲೆಗಳಲ್ಲಿ ಒಂದನ್ನು ಕಿಟಕಿಯ ಸೀಟಿನ ಮೇಲಿಟ್ಟರು, ಇನ್ನೊಂದನ್ನು ಪಕ್ಕದ ಸೀಟಿನ ಮೇಲಿಟ್ಟರು. ಅಡಕೊತ್ತಿನಿಂದ ಅಡಿಕೆಯನ್ನು ಎರಡು ಹೋಳು ಮಾಡಿ ಒಂದೊಂದರ ಮೇಲೆ ಒಂದೊಂದು ಇಟ್ಟರು.

“ಇದೇನ್ರೀ ತಂಗ್ಯಾರ, ಹೊಸಾದು?”

“ನಾ ತಪ್ಪಿಸಿಲ್ಲ, ನನಗ ಹಕ್ಕೈತಿ. ಎರಡು ಎಲಿ, ಎರಡು ಸೀಟು. ಒಬ್ರಿಗೆ ಒಂದ ಸೀಟು ಅಂತ ಎಲ್ಲೆರ ಹೇಳೀರೇನು? ನನ್ನ ಸೀಟಿನ್ಯಾಗ ನಮ್ಮಕ್ಕನ್ನಾರ ಕುಂದರಿಸ್ಕೊಂತೀನಿ, ನಮ್ಮ ಎಮ್ಮಿನ್ನಾರ ಕಟ್ಕೊಂತೀನಿ.”

ಸಾವ್ಕಾರ್ರು ಎರಡೂ ಎಲೆಗಳನ್ನು ಬಹಳ ಹೊತ್ತು ನೋಡಿದರು. ಕಡೆಗೆ ಅವರು ಬಗ್ಗಿ ಒಂದನ್ನು ಎತ್ತಿದರು, ಆಮೇಲೆ ಇನ್ನೊಂದನ್ನು. ಶಲ್ಯದಲ್ಲಿ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹಿಂದಿನ ಸಾಲಿಗೆ ನಡೆದರು.

“ಸರಿ ಅತ್ಲಾಗ,” ಎಂದರು ಅತ್ತೆ ತಂಗಿಗೆ. ದುಪ್ಪಟಿ ಕಿತ್ತು, ಪೇಪರು ಸುತ್ತಿ ಎಸೆದು, ಕಿಟಕಿಗೆ ಕೂತರು. ಕೂತವರು ಏಳಲಿಲ್ಲ.

ನಾನು ವಿಡಿಯೋ ಕೋಚಿನ ಹತ್ತಿರ ಹೋಗಿ ಯಜಮಾನರ ಸ್ನೇಹಿತನಿಗೆ, ಅತ್ತೆ ಇಲ್ಲಿಂದ ನೇರ ಕೊಟ್ಟೂರಿಗೆ ಆ ಬಸ್ಸಿನಲ್ಲಿ ಬರುತ್ತಾರೆ, ನಾನೂ ಅವರ ಜೊತೆ ಹೋಗುತ್ತೇನೆ, ದಯವಿಟ್ಟು ತಪ್ಪು ತಿಳಿಯಬೇಡಿ ಎಂದು ಕಾನ್ವೆಂಟಿನಲ್ಲಿ ಕಲಿತ ಎಲ್ಲ ನಯವನ್ನೂ ಬಳಸಿ ಹೇಳಿದೆ. ಅವನ ಮುಖ ಬಾಡಿತು.

“ಅಮ್ಮನಿಗೆ ನಮ್ಮಲ್ಲಿ ಏನಾದ್ರೂ ತೊಂದ್ರೆ ಆತೇನ್ರಿ?”

“ಇಲ್ಲ, ಏನೂ ಆಗಲಿಲ್ಲ,” ಎಂದೆ. ಅದು ನಿಜವೇ ಆಗಿತ್ತು. ನೀಲಿ ಪರದೆಯನ್ನು ಇನ್ನೊಮ್ಮೆ ನೋಡಿ ಹಳೆಯ ಬಸ್ಸಿನ ಕಡೆ ನಡೆದೆ. ಹಿಂದಿನ ಸಾಲಿನಲ್ಲಿ ಎರಡು ಕೊಡಗಳ ನಡುವೆ ನನಗೆ ಜಾಗ ಮಾಡಿಕೊಟ್ಟರು.

ಮಾರನೆಯ ದಿನ ಆ ಟೂರಿನ ಹುಡುಗ ತಾನೇ ಕೊಟ್ಟೂರಿಗೆ ಬಂದ. ನಮ್ಮ ಬ್ಯಾಗುಗಳು ಅವನ ಬಸ್ಸಿನಲ್ಲೇ ಉಳಿದಿದ್ದವು. ಒಳಗೆ ಕೂರಿಸಿ ಚಹಾ, ಒಗ್ಗರಣೆ ಮಂಡಕ್ಕಿ ಕೊಟ್ಟೆವು. ತಟ್ಟೆ ಮುಟ್ಟದೆ ಅತ್ತೆಯನ್ನು ಕೇಳಿದ: “ಹೇಳ್ರಮ್ಮ, ಏನು ಕಡಿಮೆ ಆತು? ಮುಂದಿನ ಸಲ ಸರಿ ಮಾಡ್ತೀನಿ.”

ಅತ್ತೆ ಅವನಿಗೆ ಸಹಾಯ ಮಾಡಬೇಕೆಂದು ಮನಸಾರೆ ಯೋಚಿಸಿದರು. ಗೋಡೆ ನೋಡಿದರು, ಜಂತೆ ನೋಡಿದರು. ಏನೂ ಹೊಳೆಯಲಿಲ್ಲ. ಕಡೆಗೆ, “ಒಂದು ಕೆಲ್ಸ ಮಾಡಪ್ಪ,” ಎಂದರು. “ಮುಂದ್ಲ ವರ್ಷ ನಿಮ್ಮವ್ವನ್ನ ಆ ಬಸ್ಸಿಗೆ ಕಳಸು. ಬಂದ ಮ್ಯಾಲ ಆಕಿನ್ನ ಕೇಳು.”

ಹುಡುಗ ತಲೆ ತಗ್ಗಿಸಿದ. “ಕಳ್ಸೋದೇನು ಬಂತಮ್ಮ. ಪ್ರತಿ ವರ್ಷ ಅದರಲ್ಲೇ ಹೋಗ್ತಾಳೆ. ಈ ವರ್ಷ ನಮ್ಮ ಹೊಸ ಬಸ್ಸಿಗೆ ತಾನೇ ಪೂಜೆ ಮಾಡಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಆಮೇಲೆ ಹೋಗಿ ಆ ಬಸ್ಸು ಹತ್ತಿದ್ಳು.”

ಅತ್ತೆ ಮುಂದಕ್ಕೆ ಬಾಗಿದರು. “ಹರಪನಹಳ್ಳಿ… ಬಾಗಲಾ ದಾಟಿ ಎರಡನೇ ಸೀಟು… ನಿದ್ದಿಗಣ್ಣಾಗ ಮಗಗ ಬೈತಾಳಲ್ಲ, ಆಕಿ ನಿಮ್ಮವ್ವೇನು?”

“ಅವಳೇ ಇರಬೇಕಮ್ಮ.”

“ಅಯ್ಯ ನಿನ್ನ!” ಅತ್ತೆ ಅವನ ಮುಂದಿನ ತಟ್ಟೆಯನ್ನು ಇನ್ನಷ್ಟು ಹತ್ತಿರ ಸರಿಸಿದರು. ಅಡಿಗೆಮನೆಯ ಕಡೆ ತಿರುಗಿ ನನ್ನನ್ನು ಕೂಗಿದರು. “ಲೇ ಹುಡುಗಿ, ಬರೀ ಮಂಡಕ್ಕಿ ಕೊಟ್ಟೀಯಲ್ಲ, ಮೆಣಸಿನಕಾಯಿ ಬಜ್ಜಿ ಕರಿ. ಯಾರೋ ಅನ್ಕೊಂಡಿದ್ದೆ. ನಮ್ಮ ಬಸ್ಸಿನವ್ರ ಮಗ ಅದಾನ.”